ಎಂಟು ಬಿದ್ದಾಗ

ಭಾನುವಾರ, 16 ಫೆಬ್ರವರಿ 2025

ಮಧ್ಯಾಹ್ನ ಊಟ ಮುಗಿಸಿ ಗೆಳೆಯರನ್ನು ಕೂರಿಸಿಕೊಂಡು ನಾನು ಬರೆಯುತ್ತಿರುವ ರೋಲ್‌ಪ್ಲೇಯಿಂಗ್ ಗೇಮಿನ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ ಕಥೆ ಕಟ್ಟುವ ಆಟ) ಹೊಸ ಕರಡು ಆಡಿಸಿದೆ. ಕಥೆಯಲ್ಲಿ ಆಡುವವರೆಲ್ಲ ಒಂದೇ ಯಕ್ಷಗಾನ ಮೇಳದವರು: ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯಗಾರ, ಚೆಂಡೆಯವರು, ಲಾರಿ ಡ್ರೈವರ್. ಕತ್ತಲಾಗುವಷ್ಟರಲ್ಲಿ ಮುಂದಿನ ಊರು ಮುಟ್ಟಿ ರಂಗಸ್ಥಳ ಕಟ್ಟಬೇಕು. ಆಟ ನಡೆಸುವವರು ಭಾಗವತರು. ರೂಢಿಯ ಹಾಗೆ ಜಿಎಂ (ಗೇಮ್ ಮಾಸ್ಟರ್) ಅನ್ನಲು ನನಗೆ ಮನಸ್ಸಾಗಲಿಲ್ಲ.

ದಾಳದ ಲೆಕ್ಕ ಮಾತ್ರ ವಿನ್ಸೆಂಟ್ ಬೇಕರ್ 2010ರಲ್ಲಿ ತಂದ ‘ಅಪೋಕ್ಯಾಲಿಪ್ಸ್ ವರ್ಲ್ಡ್’ ಎಂಬ ಇಂಥದೇ ಗೇಮಿನದು. ಎರಡು ದಾಳ ಕೂಡಿಸಿ 10 ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಆಯಿತು. 6 ಅಥವಾ ಕಡಿಮೆಯಾದರೆ ಭಾಗವತರ ದಯೆ. 7ರಿಂದ 9 ಬಂದರೆ ಕೆಲಸ ಆಗುತ್ತದೆ, ಆದರೆ ಬೆಲೆ ತೆರಬೇಕು. 36 ಸಾಧ್ಯತೆಗಳಲ್ಲಿ 10 ಅಥವಾ ಹೆಚ್ಚಿನದು ಆರೇ, 7–9ರದ್ದು 15. ಬಿದ್ದದ್ದಕ್ಕೆ ಒಂದು ಅಂಕ ಕೂಡಿಸಿ ಕೊಟ್ಟರೂ 7–9ರದ್ದು 16. ಅಂದಮೇಲೆ ಬರೆಯುವವರ ಬೆವರು ಇಳಿಯಬೇಕಾದ್ದು ಈ ನಡುವಿನ ಸಾಲುಗಳಿಗೇ.

ಘಟ್ಟದಲ್ಲಿ ಲಾರಿ ಕೆಟ್ಟಿತು. ಹಾಸ್ಯಗಾರ ದಾಳ ಹಾಕಿದ, 8. ಹಳೆಯ ಕರಡಿನಲ್ಲಿ ‘ಹೊರಡುತ್ತದೆ, ತಡವಾಗುತ್ತದೆ’ ಅಂತಿತ್ತು. ತಡವಾದರೆ ಯಾರಿಗೇನು, ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಈಗಿನದು: ‘ಭಾರ ಇಳಿಸಿದರೆ ಹೊರಡುತ್ತದೆ. ಯಾರ ಪೆಟ್ಟಿಗೆ ಇಲ್ಲೇ ಉಳಿಯಬೇಕು, ನೀನೇ ಹೇಳು.’ ಅವನು ಸುತ್ತ ನೋಡಿ, ಬಣ್ಣದ ವೇಷದ ಕಿರೀಟದ ಪೆಟ್ಟಿಗೆ ಅಂದ.

“ನಂದಾ? ಇವತ್ತು ರಾತ್ರಿ ಮಹಿಷಾಸುರ ನಾನು ಕಣೋ!”

ಅಲ್ಲಿಂದ ಶುರುವಾದ ಜಗಳದಲ್ಲಿ ಸಂಬಳದ ಬಾಕಿ, ಯಾರಿಗೆ ಯಾವ ಪ್ರಸಂಗದಲ್ಲಿ ಒಳ್ಳೆಯ ವೇಷ ತಪ್ಪಿತು, ಪತ್ತನಾಜೆ (ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಮೇಳ ಬಿಡುವ ಮಾತು, ಎಲ್ಲ ಬಂದವು. ಒಂದೂ ನಾನು ಬರೆದದ್ದಲ್ಲ. ಕಾಫಿ ಆರಿಹೋಯಿತು, ನಾನು ಬಾಯಿ ಹಾಕಲಿಲ್ಲ.

ಇನ್ನು ಗೇಮಿನ ಪುಸ್ತಕದ ಪ್ರಿಂಟಿನ ವಿಷಯ. ಎ5 ಅಳತೆ, ಮಡಿಸಿದ ಹಾಳೆಗಳ ನಡುವೆ ಪಿನ್ನು. ಹಾಗಾಗಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಈಗ 27 ಇವೆ. ಒಂದು ಸೇರಿಸಿ 28 ಮಾಡುವುದು ಸುಲಭ, ಆದರೆ ಮೇಳಗಳ ಇತಿಹಾಸ ಅಂತ ಮೂರು ಪುಟ ತುಂಬಿದ್ದೇನೆ, ಆಟದ ನಡುವೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಅದು ಹೋಗಲಿ, 24 ಸಾಕು.

ಲೈಸೆನ್ಸಿನ ತಲೆನೋವಿಲ್ಲ: ಬೇಕರ್ ಅವರ ವಾಕ್ಯಗಳನ್ನು ಎತ್ತಿಕೊಳ್ಳದಿದ್ದರೆ ಅವರ ಪದ್ಧತಿಗೆ ಅನುಮತಿ ಕೇಳಬೇಕಿಲ್ಲ. 2023ರ ಜನವರಿಯಲ್ಲಿ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಎಂಬ ಹೆಸರಾಂತ ರೋಲ್‌ಪ್ಲೇಯಿಂಗ್ ಗೇಮಿನ ಲೈಸೆನ್ಸ್ ಬದಲಾಗುತ್ತದೆಂದು ಎದ್ದ ಗದ್ದಲ ನೋಡಿದವರಿಗೆ ಇದರ ಬೆಲೆ ಗೊತ್ತು. ಪಿಡಿಎಫ್ ಅನ್ನು ಗೇಮ್ ಮಾರುವ ಸೈಟು ಇಚ್.ಐಓದಲ್ಲಿ ಹಾಕುವೆ, ಅಲ್ಲಿ ಮಾರಾಟದಲ್ಲಿ ಸೈಟಿಗೆ ಎಷ್ಟು ಪಾಲು ಅಂತ ನಾವೇ ಹೇಳಬಹುದು, ಸುಮ್ಮನಿದ್ದರೆ 10%. ಹಾಗೇ ಬಿಡುತ್ತೇನೆ. ಚೌಕಾಸಿಯನ್ನೆಲ್ಲ ಪ್ರಿಂಟಿಂಗ್ ಪ್ರೆಸ್ಸಿನವರ ಹತ್ತಿರ ಮಾಡುವುದಿದೆ.