ಹತ್ತು ದಿನಗಳಲ್ಲಿ ಕರಗಿದ ತೊಡೆ

ಸಕಲೇಶಪುರದ ತೋಟದಲ್ಲಿ ದಿನವಿಡೀ ಏರು ಹತ್ತಿ ಇಳಿಯುತ್ತಿದ್ದ ನಮ್ಮ ದೊಡ್ಡಪ್ಪನವರು, ಹಾಸನದ ಆಸ್ಪತ್ರೆಯೊಂದರಲ್ಲಿ 11 ದಿನ ವೆಂಟಿಲೇಟರ್ ಮೇಲಿದ್ದು ತೀವ್ರ ನಿಗಾ ಘಟಕದಿಂದ ಹೊರಬಂದಾಗ, ಪಂಚೆಯೊಳಗೆ ಅವರ ತೊಡೆಗಳೇ ಇಲ್ಲವೇನೋ ಎಂಬಂತಿತ್ತು. ಇಂಥ ರೋಗಿಗಳ ತೊಡೆಯ ಸ್ನಾಯು 10 ದಿನಗಳಲ್ಲಿ ಸರಾಸರಿ ಶೇ. 17.7ರಷ್ಟು ಕುಗ್ಗುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಈ ಕುಗ್ಗುವಿಕೆಯನ್ನು ತಡೆಯಲು ಪ್ರಯತ್ನಿಸುವ ಚಿಕಿತ್ಸೆಯೊಂದಿದೆ: ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸಣ್ಣ ವಿದ್ಯುತ್ ಮಿಡಿತಗಳನ್ನು ಹರಿಸಿದರೆ ನರ ಪ್ರಚೋದನೆಗೊಂಡು, ರೋಗಿಗೆ ಎಚ್ಚರವಿಲ್ಲದಿದ್ದರೂ ಸ್ನಾಯು ಬಿಗಿದು ಸಡಿಲಗೊಳ್ಳುತ್ತದೆ. ಆದರೆ ಮೈಯಲ್ಲಿ ಊತ ಹೆಚ್ಚಿದ್ದರೆ ಈ ಮಿಡಿತ ಅಷ್ಟಾಗಿ ನಾಟದು, ಈ ಚಿಕಿತ್ಸೆಯ ಪ್ರಯೋಗಗಳ ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ಆದರೂ, ಉಸಿರು ಉಳಿಸುವ ಆತಂಕದ ನಡುವೆಯೂ ಕಾಲಿನ ಮಾತನ್ನು ನಾವು ಮನೆಯವರು ಮೊದಲ ದಿನವೇ ವೈದ್ಯರಲ್ಲಿ ಎತ್ತಬೇಕಿತ್ತೆಂದು ನನಗೆ ಬಲವಾಗಿ ಅನ್ನಿಸುತ್ತಿದೆ. ಇಂದು ಬೆಳಿಗ್ಗೆ ದೊಡ್ಡಪ್ಪ ವಾಕರ್ ಹಿಡಿದು ಅಂಗಳದವರೆಗೆ ನಡೆದರು.