ಕಾದಂಬರಿ ಕೆಲಸ, ಆರನೇ ತಿಂಗಳು: ಚೀಟಿ ಲೆಕ್ಕ, ಸದರಿ ಕನ್ನಡ

ಈ ತಿಂಗಳು ಬರೆದದ್ದು 11 ಪುಟ, ಹರಿದದ್ದು 14. ಅಂದರೆ ಹಿಂದಕ್ಕೇ ಹೋಗಿದ್ದೇನೆ.

ಕತೆ ನಡೆಯುವುದು 1982ರ ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ. 13 ವರ್ಷದ ಹುಡುಗಿ, ಅಪ್ಪ ಹೋಟೆಲ್ ಅಡುಗೆಮನೆಯಲ್ಲಿ, ಅಮ್ಮ ಹೊಲಿಗೆ ಫ್ಯಾಕ್ಟರಿಯಲ್ಲಿ. ಶಾಲೆ ಬಿಟ್ಟ ಮೇಲೆ ಹುಡುಗಿಯೂ ಅಲ್ಲೇ ಕೂತು ದಾರದ ತುದಿ ಕತ್ತರಿಸುತ್ತಾಳೆ. ನನ್ನಮ್ಮ ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋದವಳು. ಅದಕ್ಕೇ ಈ ಹುಚ್ಚು.

ಆ ಧೈರ್ಯದಲ್ಲೇ ಎಡವಿದೆ. ಅಮ್ಮನಿಗಿದ್ದದ್ದು ತಿಂಗಳ ಸಂಬಳ, ಗಂಟೆಯ ಟಾರ್ಗೆಟ್. ಚೈನಾಟೌನ್‌ನಲ್ಲಿ ಪೀಸ್ ಲೆಕ್ಕದ ಕೂಲಿ. ಹೊಲಿದ ಬಟ್ಟೆ ಕಟ್ಟಿನ ಚೀಟಿ ಕತ್ತರಿಸಿ ಜೋಪಾನ ಮಾಡಬೇಕು, ಕೂಲಿಯ ಲೆಕ್ಕ ಅದರಿಂದಲೇ. ಮೂರನೇ ಅಧ್ಯಾಯ ಪೂರ್ತಿ ತಿದ್ದಿದೆ. ರಾತ್ರಿ ಹುಡುಗಿ ಚೀಟಿ ಎಣಿಸಿ ಗುಣಾಕಾರ ಮಾಡುವ ದೃಶ್ಯ ಮಾತ್ರ ಪುಕ್ಕಟೆ ಸಿಕ್ಕಿತು.

ಜಾಸ್ತಿ ತಲೆನೋವು ಭಾಷೆಯದು. ಹುಡುಗಿಯ ಅಮ್ಮನದು ಚೀನೀ ಭಾಷೆ ಕ್ಯಾಂಟನೀಸ್, ಬರುವ ಕಾಗದವೆಲ್ಲ ಇಂಗ್ಲಿಷ್, ನಡುವೆ ಹುಡುಗಿ. ನನ್ನ ಪುಟದಲ್ಲಿ ಎಲ್ಲವೂ ಕನ್ನಡವೇ ಅಲ್ವಾ? ಅಮ್ಮನಿಗೆ ಮಂಡ್ಯದ ಮಾತು ಕೊಟ್ಟು ನೋಡಿದೆ. ಆಕೆ ಚೈನಾಟೌನ್‌ನ ಮಾಟ್ ಸ್ಟ್ರೀಟ್ ಬಿಟ್ಟು ಮದ್ದೂರಿನ ಬಸ್ ಹತ್ತಿಬಿಟ್ಟಳು! ಆಮೇಲೆ ಹಳೆಯದೊಂದು ನೆನಪಾಯಿತು. ಮನೆಗೆ ಬಂದ ನೋಟಿಸ್ ನಾನು ಓದಿದ್ದೆ: ‘ಸದರಿ ಅರ್ಜಿದಾರರು ಮೇಲ್ಕಂಡ ದಾಖಲೆಗಳೊಂದಿಗೆ ಖುದ್ದು ಹಾಜರಾಗತಕ್ಕದ್ದು.’ ‘ಏನಂತೆ?’ ಅಂದಳು ನನ್ನಮ್ಮ. ‘ಬರ್ಬೇಕಂತೆ.’ ಕನ್ನಡದಿಂದ ಕನ್ನಡಕ್ಕೇ ದುಭಾಷಿಯಾಗಿದ್ದೆ ನಾನು. ಈಗ ಮನೆ ಮಾಲೀಕನ ಕಾಗದ ಸದರಿ ಕನ್ನಡದಲ್ಲಿದೆ, ಮನೆಯ ಮಾತು ಯಾವ ಊರಿನ ಗುರುತೂ ಇಲ್ಲದ ಸಾದಾ ಕನ್ನಡದಲ್ಲಿ. ಓದಿದ ಗೆಳತಿ ಎರಡು ಕಡೆ ನಕ್ಕಳು. ಸರಿಯಾದ ಜಾಗದಲ್ಲೇ.

ಸದ್ಯ ಸಿಕ್ಕಿಕೊಂಡಿರುವುದು ಏಳನೇ ಅಧ್ಯಾಯದಲ್ಲಿ. ಆ ವರ್ಷ ಜೂನ್ 24ರಂದು ಸುಮಾರು 20,000 ಹೊಲಿಗೆ ಕೆಲಸಗಾರರು ಕೆಲಸ ಬಿಟ್ಟು ಚೈನಾಟೌನ್‌ನ ಕೊಲಂಬಸ್ ಪಾರ್ಕಿನಲ್ಲಿ ಸೇರಿದ್ದರು, ಹೆಚ್ಚಿನವರು ಚೀನೀ ಹೆಂಗಸರು. ಯೂನಿಯನ್ ಒಪ್ಪಂದಕ್ಕೆ ಸಹಿ ಹಾಕದೆ ಕೂತವರು ಅವರದೇ ಜನ, ಫ್ಯಾಕ್ಟರಿಗಳ ಚೀನೀ ಮಾಲೀಕರು. ಯೂನಿಯನ್ ಹೋದರೆ ಆರೋಗ್ಯ ವಿಮೆಯೂ ಹೋಗುತ್ತದೆ, ಅಪ್ಪನ ಹೋಟೆಲ್ ಕೆಲಸಕ್ಕೆ ವಿಮೆ ಇಲ್ಲ. ಆದರೆ ಬಂದ ಹೊಸತರಲ್ಲಿ ಕೆಲಸ ಕೊಟ್ಟವನು, ಹುಡುಗಿ ಮಿಷನ್ ಪಕ್ಕ ಕೂತರೂ ಸುಮ್ಮನಿದ್ದವನು ಇದೇ ಮಾಲೀಕ. ಅಮ್ಮ ಅವನೆದುರು ಹೇಗೆ ಎದ್ದು ಹೋಗುತ್ತಾಳೆ? ನಾಲ್ಕು ಸಲ ಬರೆದೆ. ನಾಲ್ಕರಲ್ಲೂ ಭಾಷಣ ಮಾಡಿದಳು. ಐದನೆಯದರಲ್ಲಿ ಮಿಷನ್‌ಗೆ ಬಟ್ಟೆ ಹೊದಿಸಿ ಹೋಗುತ್ತಾಳೆ, ಅಷ್ಟೇ.

ಇನ್ನೊಂದು ಎಡವಟ್ಟು. ಹುಡುಗಿಯನ್ನು ಪಾರ್ಕಿಗೆ ಕಳಿಸಿದ ಮೇಲೆ ಕ್ಯಾಲೆಂಡರ್ ನೋಡಿದೆ: ಗುರುವಾರ. ನ್ಯೂಯಾರ್ಕಿನಲ್ಲಿ ಜೂನ್ ಕೊನೆಯ ತನಕ ಶಾಲೆ. ಹಾಗಾದರೆ ಅವಳು ಚಕ್ಕರ್ ಹೊಡೆಯಬೇಕು, ಅಮ್ಮನ ಕಣ್ಣಿಗೂ ಬೀಳಬಾರದು. ಭಾನುವಾರ ಅದನ್ನು ಬರೆಯಲು ಕೂರುತ್ತೇನೆ.