ಸೇಂಟ್ ಲೂಯಿಸ್‌ನಲ್ಲಿ ಹನ್ನೊಂದರ ಲೆಕ್ಕ

ಅಮೆರಿಕದ ಸೇಂಟ್ ಲೂಯಿಸ್‌ಗೆ ಬಂದ ಮೇಲೆ ಸಂಗೀತದ ಮಾತು ಬಂದಾಗಲೆಲ್ಲ ನನ್ನ ಕಿವಿಗೆ ಬಿದ್ದ ಹೆಸರುಗಳು ಎರಡೇ: ರಾಕ್ ಅಂಡ್ ರೋಲ್‌ನ ಚಕ್ ಬೆರಿ ಮತ್ತು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್. ಬೆರಿಯವರ ಪ್ರತಿಮೆಯಂತೂ ಡೆಲ್ಮಾರ್ ಬೀದಿಯಲ್ಲಿ ಗಿಟಾರ್ ಹಿಡಿದು ನಿಂತಿದೆ. ಜಾಝ್ ಸ್ಯಾಕ್ಸೊಫೋನ್ ವಾದಕ, ರಚನಕಾರ ಜೂಲಿಯಸ್ ಹೆಂಫಿಲ್ ಅವರ ಹೆಸರನ್ನು ಯಾರೂ ಎತ್ತಿರಲಿಲ್ಲ. ಹಳೆಯ ಎಲ್‌ಪಿ ಮಾರುವ ಅಂಗಡಿಯೊಂದರಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತಿದ್ದಾಗ ಅಲ್ಲಿ ಹಾಕಿದ್ದ ‘ಡೋಗಾನ್ ಎ.ಡಿ.’ ಎಂಬ ಎಲ್‌ಪಿಯನ್ನು ಕೇಳಿ, ಇದು ಯಾರದೆಂದು ನಾನಾಗಿಯೇ ವಿಚಾರಿಸಬೇಕಾಯಿತು.

1938ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದ ಹೆಂಫಿಲ್, 1960ರ ದಶಕದಲ್ಲಿ ಈ ಊರಿಗೆ ಬಂದು, ಕಪ್ಪು ಜನಾಂಗದ ಸಂಗೀತಗಾರರು, ನಟರು, ಕವಿಗಳು, ನೃತ್ಯಗಾರರು ಮತ್ತು ಚಿತ್ರಕಾರರು 1968ರಲ್ಲಿ ಕಟ್ಟಿಕೊಂಡ ಬ್ಲ್ಯಾಕ್ ಆರ್ಟಿಸ್ಟ್ಸ್ ಗ್ರೂಪ್‌ನಲ್ಲಿ ಮುಂದಾಳಾಗಿ ದುಡಿದರು. ‘ಡೋಗಾನ್ ಎ.ಡಿ.’ 1972ರಲ್ಲಿ ಇಲ್ಲಿಯೇ ಧ್ವನಿಮುದ್ರಣಗೊಂಡಿತು. ಅದನ್ನು ಹೊರತಂದದ್ದು ಅವರದೇ ಪುಟ್ಟ ಸಂಸ್ಥೆಯಾದ ಎಂಬಾರಿ. ನುಡಿಸಿದವರು ನಾಲ್ವರೇ: ಹೆಂಫಿಲ್ ಅವರ ಆಲ್ಟೊ ಸ್ಯಾಕ್ಸೊಫೋನ್, ಬೈಕಿಡಾ ಕ್ಯಾರಲ್ ಅವರ ಟ್ರಂಪೆಟ್, ಫಿಲಿಪ್ ವಿಲ್ಸನ್ ಅವರ ಡ್ರಮ್ಸ್, ಹಾಗೂ ಬಾಸ್ ಇರಬೇಕಾದ ಜಾಗದಲ್ಲಿ ಅಬ್ದುಲ್ ವದೂದ್ ಅವರ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ).

ಆ ಚೆಲ್ಲೊವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಒಂದೇ ಒರಟು ನುಡಿಯನ್ನು ವದೂದ್ ಮರ ಕೊಯ್ಯುವವರಂತೆ ಮತ್ತೆ ಮತ್ತೆ ಎಳೆಯುತ್ತಾರೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗ ಕಲಿತು ಬಿಟ್ಟವನಾದ ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ಲೆಕ್ಕ ಹಾಕತೊಡಗಿತು: ಹನ್ನೊಂದು. ತಾಳದ ಅಂಗಗಳಲ್ಲಿ ಹೇಳುವುದಾದರೆ ಏಳೆಣಿಕೆಯ ಒಂದು ಲಘು, ಎರಡೆರಡು ಎಣಿಕೆಯ ಎರಡು ದ್ರುತ. ಮಿಶ್ರ ಜಾತಿ ತ್ರಿಪುಟ ತಾಳವೆಂದು ಒಳಗೊಳಗೇ ಬೀಗಿದೆ. ಮನೆಗೆ ಬಂದು ನಾಲ್ಕೈದು ಸಲ ಕೇಳಿದ ಮೇಲೆ ಆ ಜಂಬ ಇಳಿಯಿತು. ಸಂಖ್ಯೆ ಸರಿಯಾಗಿದ್ದರೂ ಲಘು ದ್ರುತಗಳ ನನ್ನ ಅಂಗವಿಭಜನೆ ಆ ನುಡಿಯ ಮೇಲೆ ಕೂರುತ್ತಿರಲಿಲ್ಲ. ಕಚೇರಿಯಲ್ಲಿ ಮೃದಂಗಕ್ಕೇ ಬಿಟ್ಟುಕೊಡುವ ತನಿ ಆವರ್ತನದ ಕೊನೆಯಲ್ಲಿ, ಲೆಕ್ಕ ಹಾಕಿ ಕಟ್ಟಿದ ಕೋರ್ವೆ ಮುಗಿದು, ಹಾಡು ಎತ್ತಿಕೊಳ್ಳುವ ಜಾಗವಾದ ಎಡುಪಿಗೆ ಬಂದು ಬೀಳುವ ಸುಖವನ್ನು ನಾನು ಇಲ್ಲಿಯೂ ಕಾಯುತ್ತಿದ್ದೆ. ಇಲ್ಲಿ ಹಾಗೆ ಬಂದು ಸೇರುವ ಅವಸರವೇ ಇಲ್ಲ. ಇದರ ಬೇರು ಕಪ್ಪು ಅಮೆರಿಕನ್ನರ ಹಾಡುಗಾರಿಕೆಯಾದ ಬ್ಲೂಸ್‌ನಲ್ಲಿದೆ, ಲೆಕ್ಕವು ಆ ಬ್ಲೂಸ್ ಕುಂಟುತ್ತ ನಡೆಯುವ ರೀತಿಯಷ್ಟೇ. ನವ್ಯ ಜಾಝ್ ಎಂದರೆ ಬರಿಯ ಕಿರುಚಾಟವೆಂದು ತಿಳಿದಿದ್ದ ನನಗೆ, ಇಷ್ಟು ನೆಲಕ್ಕಂಟಿದ ಸಂಗೀತವೂ ಅದೇ ಹೆಸರಿನಡಿ ಬರುತ್ತದೆಂಬುದು ಹೊಸದಾಗಿತ್ತು.

ಹೆಂಫಿಲ್ ಮರೆಗೆ ಸರಿದದ್ದೇಕೆ? ಜಾಝ್ ಲೋಕ ಒಂಟಿಯಾಗಿ ಮಿಂಚುವವರನ್ನು ನೆನಪಿಡುತ್ತದೆ, ಇತರರಿಗಾಗಿ ಬರೆದುಕೊಟ್ಟವರನ್ನು ಅಷ್ಟಾಗಿ ಇಲ್ಲ ಎಂಬುದು ನನ್ನ ಗುಮಾನಿ. ಅವರ ಮುಖ್ಯ ಕೃತಿಗಳು ಸಣ್ಣ ಸಂಸ್ಥೆಗಳಿಂದ ಬಂದು, ವರ್ಷಗಟ್ಟಲೆ ಅಂಗಡಿಗಳಲ್ಲಿ ಸಿಗದೆ ಹೋದದ್ದೂ ಇದೆ. ಡ್ರಮ್ಸ್, ಬಾಸ್ ಯಾವುದೂ ಇಲ್ಲದ, ನಾಲ್ಕೇ ಸ್ಯಾಕ್ಸೊಫೋನ್‌ಗಳ ವರ್ಲ್ಡ್ ಸ್ಯಾಕ್ಸೊಫೋನ್ ಕ್ವಾರ್ಟೆಟ್ ಹೆಸರು ಮಾಡಿತು. ಅದರ ಬಹುಪಾಲು ರಚನೆಗಳನ್ನು ಒದಗಿಸಿದ ಹೆಂಫಿಲ್ ಅವರ ಹೆಸರು ಹಿಂದೆ ಉಳಿಯಿತು. ಕೊನೆಯ ವರ್ಷಗಳಲ್ಲಿ ಕಾಯಿಲೆಯಿಂದ ನುಡಿಸಲಾಗದಾದಾಗಲೂ ಆರು ಸ್ಯಾಕ್ಸೊಫೋನ್‌ಗಳ ತಂಡಕ್ಕೆ ಬರೆಯುವುದನ್ನು ಅವರು ಬಿಡಲಿಲ್ಲ. 1995ರಲ್ಲಿ ತೀರಿಕೊಂಡರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿರುವ ಅವರ ಸಂಗ್ರಹದಿಂದ ಆಯ್ದ ಧ್ವನಿಮುದ್ರಣಗಳು 2021ರಲ್ಲಿ ಏಳು ಸಿಡಿಗಳ ಪೆಟ್ಟಿಗೆಯಾಗಿ ಬಂದಿವೆ.

ನಮ್ಮೂರ ಕಡೆ ಕೇಳಬಯಸುವವರು ಆ ಸಿಡಿ ಪೆಟ್ಟಿಗೆಯಿಂದ ಆರಂಭಿಸದಿರುವುದು ಒಳ್ಳೆಯದು. ಮೊದಲು ‘ಡೋಗಾನ್ ಎ.ಡಿ.’, ಅದರ ಬೆನ್ನಿಗೇ ‘ದ ಹಾರ್ಡ್ ಬ್ಲೂಸ್’ ಕೇಳಿ. ಎರಡೂ ಒಂದೇ ಬೈಠಕ್ಕಿನಲ್ಲಿ ಮುದ್ರಣಗೊಂಡವು. ಎರಡನೆಯದು ಮಾತ್ರ ಆ ಎಲ್‌ಪಿಯಲ್ಲಿ ಸೇರದೆ 1975ರ ಇನ್ನೊಂದು ಆಲ್ಬಮ್‌ನವರೆಗೆ ಕಾಯಬೇಕಾಯಿತು.